ಲಾ ಬ್ರೆಡ್ ಕೋಟೆಮನೆ: ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ. ಫ್ರಾನ್ಸಿನ ಬೋರ್ಡೊ ಪಟ್ಟಣದ ದಕ್ಷಿಣಕ್ಕಿರುವ ಲಾ ಬ್ರೆಡ್ ಕೋಟೆಮನೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ನಿಜಕ್ಕೂ ಚೆನ್ನಾಗಿದೆ.

ಮೊದಲ ಪ್ಯಾರಾ ತೆಗೆದುಹಾಕಿ. ‘ಕಾಲವೇ ಇಲ್ಲಿ ನಿಂತುಬಿಟ್ಟಿದೆ’ ಅಂತ ಶುರು ಮಾಡಿದ್ದೀರಿ. ಅಲ್ಲಿ ಕಾಲ ನಿಂತಿಲ್ಲ. ದಾಳಿಯ ಹೆದರಿಕೆ ಇದ್ದಾಗ ಕಟ್ಟಿದ ಗೋಡೆಗೆ, ಹೆದರಿಕೆ ಕಡಿಮೆಯಾದ ಮೇಲೆ ದೊಡ್ಡ ಕಿಟಕಿ ಕೊರೆದಿದ್ದಾರೆ. ಆ ಮನೆಯ ಕಥೆ ಇರುವುದೇ ಇಲ್ಲಿ, ಅಲ್ವಾ?

1306ರಲ್ಲಿ ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕೋಟೆ ಕಟ್ಟಲು ಅಪ್ಪಣೆ ಕೊಟ್ಟ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಓದುವವರು ಅಲ್ಲೇ ಎಡವುತ್ತಾರೆ. ಫ್ರಾನ್ಸಿನ ಮನೆಗೆ ಇಂಗ್ಲೆಂಡಿನ ರಾಜನ ಅಪ್ಪಣೆ ಯಾಕೆ? ಆಗ ಆ ಸೀಮೆಗೆ ಅವನೇ ಡ್ಯೂಕ್, ಅಂದರೆ ಒಡೆಯ, ಮತ್ತು ತನ್ನ ಕೈಕೆಳಗಿನ ಜಮೀನ್ದಾರ ಇವತ್ತು ಕಟ್ಟಿಕೊಂಡ ಕೋಟೆಯೊಳಗೆ ನಿಂತು ನಾಳೆ ತನ್ನ ಮೇಲೇ ತಿರುಗಿಬೀಳಬಹುದು ಅನ್ನುವುದು ಯಾವ ದೊರೆಗೂ ಗೊತ್ತಿರುವ ಮಾತು. ಇಷ್ಟು ಬಿಡಿಸಿ ಹೇಳಿ, ಆಮೇಲೆ ಕಂದಕಕ್ಕೆ ಬನ್ನಿ.

‘ಭವ್ಯ ಅರಮನೆ’ ಅನ್ನುವುದನ್ನು ಎಲ್ಲ ಕಡೆ ಹೊಡೆದುಹಾಕಿದ್ದೇನೆ. ಅದು ಅರಮನೆ ಅಲ್ಲ. ಕೆರೆಯಷ್ಟು ಅಗಲದ ನೀರಿನ ನಡುವೆ ಕೂತಿರುವ, ಹಲವು ಮೂಲೆಗಳ ಅಂಕುಡೊಂಕು ಮನೆ. ಒಂದು ದುಂಡು ಗೋಪುರ ಇದೆ. ಒಳಗೆ ಹೋಗಬೇಕಾದರೆ ಒಂದಾದ ಮೇಲೊಂದು ಸಣ್ಣ ಸೇತುವೆ ದಾಟಬೇಕು. ಹಿಂದೆ ಅವು ಎತ್ತಿ ಇಳಿಸುವ ಸೇತುವೆಗಳು, ಅಂದರೆ ಬಂದವನನ್ನು ಪ್ರತಿ ಹಂತದಲ್ಲೂ ತಡೆದು ನಿಲ್ಲಿಸಬಹುದಿತ್ತು. ಓದುಗರನ್ನು ಹಾಗೇ ಒಂದೊಂದೇ ಸೇತುವೆ ದಾಟಿಸಿ ಒಳಗೆ ಕರೆದುಕೊಂಡು ಹೋಗಿ.

ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ 1689ರಲ್ಲಿ ಹುಟ್ಟಿದ್ದು ಈ ಮನೆಯಲ್ಲಿ, ಸರಿ. ಇದು ಅವನಿಗೆ ತಾಯಿಯ ಕಡೆಯಿಂದ ಬಂದ ಆಸ್ತಿ ಅನ್ನುವುದನ್ನೂ ಸೇರಿಸಿ. ಆದರೆ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬೇರೆ ಬೇರೆ ಇರಬೇಕು ಅಂದ ಅವನ ವಿಚಾರಕ್ಕೂ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಇಡಬೇಕು ಅನ್ನುವ ನಮ್ಮ ಸಂವಿಧಾನದ 50ನೇ ವಿಧಿಗೂ ಒಂದು ಪುಟ ಸುರಿದಿದ್ದೀರಿ. ಎರಡು ಸಾಲು ಸಾಕು, ಉಳಿದದ್ದು ಬೇರೆ ಲೇಖನಕ್ಕಿರಲಿ. ಅದೇ ಜಾಗದಲ್ಲಿ ಅವನ ಕೋಣೆಯ ಅಗ್ಗಿಷ್ಟಿಕೆಗೆ ಬನ್ನಿ. ಕಾಲನ್ನು ಅದಕ್ಕೆ ಒತ್ತಿ, ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದ, ಬೂಟು ಉಜ್ಜಿ ಉಜ್ಜಿ ಪಕ್ಕದ ಕಲ್ಲೇ ಸವೆದಿದೆ ಅಂತ ಹೇಳುತ್ತಾರೆ. ಇಂಥ ಚಿನ್ನದಂಥ ವಿವರವನ್ನು ಲೇಖನದ ಕೊನೆಯಲ್ಲಿ ಬ್ರಾಕೆಟ್ಟಿನೊಳಗೆ ಹಾಕಿದ್ದೀರಲ್ಲ! ಮೇಲೆ ತನ್ನಿ. ಜನ ಹೇಳುವ ಮಾತು ಅಂತಲೇ ಬರೆಯಿರಿ.

ಇನ್ನೊಂದು. ಗ್ರಂಥಾಲಯದ ಕೋಣೆಯಲ್ಲಿ ‘ಸಾವಿರಾರು ಹಳೆಯ ಪುಸ್ತಕಗಳ ಘಮ’ ಅಂದಿದ್ದೀರಿ. ಅವನ ಪುಸ್ತಕಗಳಲ್ಲಿ ಹೆಚ್ಚಿನವು ಈಗ ಬೋರ್ಡೊ ನಗರದ ಗ್ರಂಥಾಲಯದಲ್ಲಿವೆ. ಸುಮ್ನೆ ಊಹಿಸಿ ಬರೆದ ಸಾಲು ಅದು, ತೆಗೆಯಿರಿ. ಕಮಾನಿನ ಹಾಗೆ ಬಾಗಿದ ಮರದ ಚಾವಣಿ ಕಣ್ಣೆದುರಿಗೇ ಇದೆ. ಅದರ ಬಗ್ಗೆ ಒಂದು ಮಾತೂ ಇಲ್ಲ.

ತಿದ್ದಿ ಮತ್ತೆ ಕಳಿಸಿ, ನಾನೇ ಓದುತ್ತೇನೆ. ಫೋಟೋಗಳು ನೀವು ತೆಗೆದದ್ದಲ್ಲವಾದರೆ, ತೆಗೆದವರ ಒಪ್ಪಿಗೆಯೂ ಜೊತೆಗಿರಲಿ.