ಪ್ರಯಾಣದ ಸಣ್ಣ ಲ್ಯಾಪ್‌ಟಾಪ್‌ಗೆ ಯಾವ ಆಪರೇಟಿಂಗ್ ಸಿಸ್ಟಂ?

ಪ್ರಶ್ನೆ: ನಿವೃತ್ತನಾದ ನಾನು ಆಗಾಗ ಉತ್ತರ ಭಾರತದ ಪ್ರವಾಸಕ್ಕೆ ಹೋಗುತ್ತೇನೆ. ಜೊತೆಗೆ ಒಯ್ಯುವ 11.6 ಅಂಗುಲದ ಲ್ಯಾಪ್‌ಟಾಪಿನಲ್ಲಿ ಸೆಲೆರಾನ್ ಎನ್4020 ಪ್ರೊಸೆಸರ್, 4 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ ಮತ್ತು ವಿಂಡೋಸ್ 10 ಇವೆ. ನುಡಿ ಕೀಲಿಮಣೆಯಲ್ಲಿ ಪ್ರವಾಸದ ಟಿಪ್ಪಣಿ ಬರೆಯುವುದು, ಕ್ಯಾಮೆರಾದ ಚಿತ್ರಗಳನ್ನು ಇಳಿಸಿಕೊಳ್ಳುವುದು, ರೈಲು ಟಿಕೆಟ್ ಮತ್ತು ಬ್ಯಾಂಕ್ ವ್ಯವಹಾರ ಇವಿಷ್ಟೇ ನನ್ನ ಕೆಲಸಗಳು. ಒಬ್ಬರು ಕ್ರೋಮ್ ಓಎಸ್ ಫ್ಲೆಕ್ಸ್ ಎನ್ನುತ್ತಾರೆ, ಇನ್ನೊಬ್ಬರು ಲುಬುಂಟು, ಮತ್ತೊಬ್ಬರು ಆರ್ಚ್ ಲಿನಕ್ಸ್. ಯಾವುದನ್ನು ಹಾಕಿಕೊಳ್ಳಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂನ, ಹಗುರವಾದ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕನಿಷ್ಠ 64 ಜಿಬಿ ಸಂಗ್ರಹವನ್ನು ಕೇಳುವುದರಿಂದ, ನಿಮ್ಮ ಪ್ರೊಸೆಸರ್ ಅದಕ್ಕೆ ಒಗ್ಗುವಂತಿದ್ದರೂ ಆ ದಾರಿ ನಿಮಗಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರದಲ್ಲಿ ಭದ್ರತಾ ಪರಿಷ್ಕರಣೆ ನಿಂತ ವ್ಯವಸ್ಥೆಯನ್ನು ಇಟ್ಟುಕೊಳ್ಳುವುದು ಸರಿಯಲ್ಲ.

ಮನೆಯ ಕಂಪ್ಯೂಟರ್ ಕೈಕೊಟ್ಟರೆ ಸರಿಪಡಿಸಲು ಬಿಡುವೂ ವೇಗದ ಇಂಟರ್ನೆಟ್ಟೂ ಇರುತ್ತವೆ. ವಾರಾಣಸಿಯ ಛತ್ರದ ಕೊಠಡಿಯಲ್ಲಿ, ಮರುದಿನ ಮುಂಜಾನೆಯ ರೈಲು ಹಿಡಿಯಬೇಕಾದ ರಾತ್ರಿ, ಇವೆರಡೂ ಇರುವುದಿಲ್ಲ. ದಾರಿಯಲ್ಲಿ ನಮ್ಮಿಂದ ಅತಿ ಕಡಿಮೆ ಗಮನವನ್ನು ಬೇಡುವ ವ್ಯವಸ್ಥೆಯೇ ಪ್ರಯಾಣದ ಲ್ಯಾಪ್‌ಟಾಪ್‌ಗೆ ಒಳ್ಳೆಯದು. ಆರ್ಚ್ ಲಿನಕ್ಸ್ ಅತ್ಯುತ್ತಮವಾದುದೇ, ಆದರೆ ಅದರ ತಂತ್ರಾಂಶಗಳು ನಿರಂತರವಾಗಿ ಹೊಸದಾಗುತ್ತಿರುತ್ತವೆ. ಕೆಲವು ವಾರ ಬಿಟ್ಟು ಪರಿಷ್ಕರಿಸಹೊರಟರೆ ಮೊಬೈಲ್ ಡೇಟಾ ಕರಗುವಷ್ಟು ಇಳಿಸಿಕೊಳ್ಳಬೇಕಾಗುತ್ತದೆ, ಕೈಯಾರೆ ಸರಿಪಡಿಸುವ ಕೆಲಸವೂ ಕೆಲವೊಮ್ಮೆ ಜೊತೆಗೆ ಬರುತ್ತದೆ. ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯನ್ನು ಆಧರಿಸಿದ್ದು, 2029ರವರೆಗೆ ಅದಕ್ಕೆ ಭದ್ರತಾ ಪರಿಷ್ಕರಣೆಗಳು ದೊರೆಯುತ್ತವೆ.

ಕ್ರೋಮ್ ಓಎಸ್ ಫ್ಲೆಕ್ಸ್ ಹಗುರವಾದುದು, ಬಳಸಲು ಸುಲಭವಾದುದು. ಆದರೆ ಅದರ ಬಹುಪಾಲು ಕೆಲಸ ಗೂಗಲ್ ಖಾತೆ ಮತ್ತು ಇಂಟರ್ನೆಟ್ ಸಂಪರ್ಕವನ್ನು ನೆಚ್ಚಿಕೊಂಡಿದೆ. ಆಂಡ್ರಾಯ್ಡ್ ಆ್ಯಪ್‌ಗಳು ಅದರಲ್ಲಿ ಸಿಗುತ್ತವೆಂದು ಹಲವರು ತಿಳಿದಿದ್ದಾರೆ. ಅವು ಸಿಗುವುದು ಕ್ರೋಮ್‌ಬುಕ್‌ಗಳಲ್ಲಿ, ಫ್ಲೆಕ್ಸ್‌ನಲ್ಲಿ ಅಲ್ಲ. ನೆಟ್‌ವರ್ಕ್ ಸಿಗದ ರೈಲಿನಲ್ಲಿ ಕುಳಿತು ಬರೆಯುವವರಿಗೆ ಅದನ್ನು ನಾನು ಸೂಚಿಸಲಾರೆ. ಇನ್ನು ಲುಬುಂಟು ಮಿಂಟ್‌ಗಿಂತಲೂ ತುಸು ಹಗುರವಾಗಿದೆ. ಆದರೆ ಅದರಲ್ಲಿ ಫೈರ್‌ಫಾಕ್ಸ್ ಬರುವುದು, ತನಗೆ ಬೇಕಾದುದನ್ನೆಲ್ಲ ಒಳಗೇ ಕಟ್ಟಿಕೊಂಡು ಬರುವ ಸ್ನ್ಯಾಪ್ ಎಂಬ ರೂಪದಲ್ಲಿ. ಇಎಂಎಂಸಿಯಂತಹ ನಿಧಾನಗತಿಯ ಸಂಗ್ರಹದಲ್ಲಿ ಸ್ನ್ಯಾಪ್ ತಂತ್ರಾಂಶಗಳು ಮೊದಲ ಬಾರಿ ತೆರೆದುಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ, ಜಾಗವನ್ನೂ ಹೆಚ್ಚು ನುಂಗುತ್ತವೆ. ಮಿಂಟ್ ಸ್ನ್ಯಾಪ್ ಅನ್ನು ದೂರವಿಟ್ಟಿದೆ. ನನ್ನ ಆಯ್ಕೆಗೆ ಇದೂ ಒಂದು ಮುಖ್ಯ ಕಾರಣ.

ಹಾಕಿಕೊಳ್ಳುವ ಮೊದಲು ಮಿಂಟ್ ಅನ್ನು ಒಂದು ಪೆನ್‌ಡ್ರೈವಿಗೆ ಬರೆದು, ಲ್ಯಾಪ್‌ಟಾಪಿನಲ್ಲಿ ಏನನ್ನೂ ಬದಲಿಸದೆ ಅದರಿಂದಲೇ ಚಾಲೂ ಮಾಡಿ ಒಂದು ಸಂಜೆಯಾದರೂ ಬಳಸಿ ನೋಡಿ. ವೈಫೈ ಸಿಗುತ್ತದೆಯೇ, ಸ್ಪೀಕರಿನಿಂದ ಧ್ವನಿ ಬರುತ್ತದೆಯೇ, ಟಚ್‌ಪ್ಯಾಡ್ ಸರಿಯಿದೆಯೇ, ಮುಚ್ಚಳ ಮುಚ್ಚಿ ತೆರೆದರೆ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂಬುದನ್ನು ಖಂಡಿತವಾಗಿ ಪರೀಕ್ಷಿಸಿ, ಏಕೆಂದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಲಿನಕ್ಸ್‌ಗೆ ತೊಡಕಾಗುವುದು ಹೆಚ್ಚಾಗಿ ಈ ನಾಲ್ಕರಲ್ಲಿಯೇ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಬಳಸಬಹುದು. ಅದಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ. ಮಿಂಟ್‌ನ ಕಡತವನ್ನು ಅಧಿಕೃತ ತಾಣದಿಂದ ಇಳಿಸಿಕೊಂಡಿದ್ದರೂ ಅದರ ಎಸ್‌ಎಚ್‌ಎ256 ಮೊತ್ತವನ್ನು (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತುಸಂಖ್ಯೆಯನ್ನು) ತಾಳೆ ನೋಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ಕನ್ನ ಹಾಕಿದವರು, ಇಳಿಸಿಕೊಳ್ಳಲು ಬಂದವರಿಗೆ ದುರುದ್ದೇಶದ ಪ್ರತಿ ಸಿಗುವಂತೆ ಮಾಡಿದ್ದರು.

32 ಜಿಬಿ ಚಿಕ್ಕ ಜಾಗ. ಮಿಂಟ್ ಕೇಳುವುದೇ ಕನಿಷ್ಠ 20 ಜಿಬಿ. ಹೀಗಾಗಿ ವಿಂಡೋಸ್ ಜೊತೆಗೆ ಅದನ್ನೂ ಇಟ್ಟುಕೊಳ್ಳುವ ಆಸೆ ಬೇಡ. ಟೈಮ್‌ಶಿಫ್ಟ್ ಎಂಬ ಸಾಧನವು ವ್ಯವಸ್ಥೆಯ ನಕಲುಗಳನ್ನು ಅದೇ ಡಿಸ್ಕಿನಲ್ಲಿ ಕೂಡಿಡತೊಡಗಿದರೆ ಜಾಗ ಬೇಗನೆ ತುಂಬಿಹೋಗುತ್ತದೆ, ಆದ್ದರಿಂದ ನಿಮ್ಮ ಯಂತ್ರದಲ್ಲಿ ಅದನ್ನು ಚಾಲೂ ಮಾಡದಿರುವುದೇ ಮೇಲು. ಸ್ನ್ಯಾಪ್‌ನಂತೆಯೇ ಹೆಚ್ಚು ಜಾಗ ನುಂಗುವ ಫ್ಲ್ಯಾಟ್‌ಪ್ಯಾಕ್ ರೂಪದ ತಂತ್ರಾಂಶಗಳನ್ನೂ ಇದೇ ಕಾರಣಕ್ಕೆ ತಪ್ಪಿಸಿ. ಚಿತ್ರಗಳಿಗೆ ಬೇರೆ ಮೆಮೊರಿ ಕಾರ್ಡ್ ಇರಲಿ. ದೊಡ್ಡ ಕಾರ್ಡುಗಳಲ್ಲಿ ಕ್ಯಾಮೆರಾಗಳು ಬಳಸುವ ಎಕ್ಸ್‌ಫ್ಯಾಟ್ ವಿನ್ಯಾಸವನ್ನು ಇಂದಿನ ಲಿನಕ್ಸ್ ನೇರವಾಗಿ ಓದುತ್ತದೆ, ಬರೆಯುತ್ತದೆ.

ಕನ್ನಡದ ಬಗ್ಗೆ ನಿಮಗೆ ಆತಂಕ ಬೇಡ. ಐಬಸ್ ಎಂಬ ಬರವಣಿಗೆಯ ವ್ಯವಸ್ಥೆಗೆ ಎಂ17ಎನ್ ಭಾಗವನ್ನು ಸೇರಿಸಿಕೊಂಡರೆ, ಕನ್ನಡದ ಆಯ್ಕೆಗಳಲ್ಲಿ ಕೆಜಿಪಿ ಎಂಬುದು ಕಾಣಿಸುತ್ತದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತಿರುವ ಇದೇ ನೀವು ರೂಢಿಸಿಕೊಂಡಿರುವ ನುಡಿ ವಿನ್ಯಾಸ. ಗುಬ್ಬಿ, ನವಿಲು ಎಂಬ ಸೊಗಸಾದ ಯೂನಿಕೋಡ್ ಅಕ್ಷರಶೈಲಿಗಳೂ ತಂತ್ರಾಂಶ ಭಂಡಾರದಲ್ಲಿಯೇ ದೊರೆಯುತ್ತವೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳು ನಿಮ್ಮಲ್ಲಿದ್ದರೆ, ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ವಿಂಡೋಸ್ ಅನ್ನು ಅಳಿಸುವ ಮುನ್ನವೇ ಅವೆಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ, ಬೇರೆಡೆ ಒಂದು ಪ್ರತಿಯನ್ನು ತೆಗೆದಿಡಿ.

ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವುದನ್ನು, ಅಂದರೆ ಗುಪ್ತಪದವಿಲ್ಲದೆ ಯಾರೂ ಓದಲಾಗದಂತೆ ಮಾಡುವುದನ್ನು, ದಯವಿಟ್ಟು ಮರೆಯಬೇಡಿ. ಅನುಸ್ಥಾಪನೆಯ ಸಮಯದಲ್ಲಿ ಡಿಸ್ಕನ್ನು ಅಳಿಸುವ ಹಂತದ ಹೆಚ್ಚುವರಿ ಆಯ್ಕೆಗಳಲ್ಲಿ ಇದು ಇರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಚೀಲ ಕಳೆದುಹೋದರೆ ಲ್ಯಾಪ್‌ಟಾಪಿನ ಬೆಲೆಯಷ್ಟೇ ಹೋಗಬೇಕು, ಬ್ಯಾಂಕಿನ ಕಾಗದಪತ್ರಗಳು ಪರರ ಕೈಸೇರಬಾರದು. ಇದಕ್ಕೆ ಬೇಕಾದ ಲೆಕ್ಕಾಚಾರವನ್ನು ವೇಗಗೊಳಿಸುವ ಸೌಲಭ್ಯ ನಿಮ್ಮ ಪ್ರೊಸೆಸರಿನಲ್ಲಿಯೇ ಇರುವುದರಿಂದ ಯಂತ್ರ ಗಮನಾರ್ಹವಾಗಿ ನಿಧಾನವಾಗುವುದಿಲ್ಲ. ಆದರೆ ಆ ಗುಪ್ತಪದ ಮರೆತರೆ ಕಡತಗಳನ್ನು ಮರಳಿ ಪಡೆಯುವ ಬೇರೆ ದಾರಿಯಿಲ್ಲ. ಬರೆದು ಮನೆಯಲ್ಲಿಟ್ಟು ಹೊರಡಿ.

ಪ್ರಶ್ನೆ: ನನ್ನ ಹಳೆಯ ಕಿರು ಲ್ಯಾಪ್‌ಟಾಪಿನಲ್ಲಿ ಆಟಂ ಝಡ್3735ಎಫ್ ಪ್ರೊಸೆಸರ್ ಮತ್ತು 2 ಜಿಬಿ ರ‍್ಯಾಮ್ ಇವೆ. ಮಿಂಟ್ ಬರೆದ ಪೆನ್‌ಡ್ರೈವನ್ನು ಅದು ಗುರುತಿಸುವುದೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆಯೇ?
– ಓದುಗರೊಬ್ಬರು, ಪುಣೆ

ಉತ್ತರ: ಪೆನ್‌ಡ್ರೈವಿನ ದೋಷ ಇರಲಾರದು. ನಿಮ್ಮ ಪ್ರೊಸೆಸರ್ 64 ಬಿಟ್‌ನದಾದರೂ, ಇಂತಹ ಬಹಳಷ್ಟು ಯಂತ್ರಗಳಿಗೆ ತಯಾರಕರು 32 ಬಿಟ್‌ನ ಯುಇಎಫ್‌ಐ ಫರ್ಮ್‌ವೇರ್ (ಯಂತ್ರವನ್ನು ಚಾಲೂ ಮಾಡುವ ಒಳತಂತ್ರಾಂಶ) ಹಾಕಿದ್ದರು. 64 ಬಿಟ್‌ನ ಬೂಟ್ ಕಡತ ಮಾತ್ರ ಇರುವ ಪೆನ್‌ಡ್ರೈವ್ ಅದಕ್ಕೆ ಕಾಣಿಸುವುದಿಲ್ಲ. ಈ ಬೆರಕೆ ಯಂತ್ರಗಳಿಗೆ ಡೆಬಿಯನ್ ಎಂಬ ಲಿನಕ್ಸ್ 2015ರಿಂದಲೇ ಬೆಂಬಲ ಕೊಡುತ್ತಿದೆ, ಆದ್ದರಿಂದ ಅದನ್ನು ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರವಾದ ಡೆಸ್ಕ್‌ಟಾಪ್‌ನೊಂದಿಗೆ ಹಾಕಿ ನೋಡಿ. ಡೆಬಿಯನ್ 12ರಿಂದ ಈಚೆಗೆ ವೈಫೈಗೆ ಬೇಕಾಗುವ ಫರ್ಮ್‌ವೇರ್‌ಗಳೂ ಅನುಸ್ಥಾಪಕದಲ್ಲಿಯೇ ಬರುತ್ತವೆ. 2 ಜಿಬಿಯಲ್ಲಿ ಬರವಣಿಗೆ ಆರಾಮವಾಗಿ ನಡೆಯುತ್ತದೆ. ಬ್ರೌಸರಿನಲ್ಲಿ ಮಾತ್ರ ಒಂದೆರಡು ಟ್ಯಾಬ್‌ಗಳಿಗಿಂತ ಹೆಚ್ಚು ತೆರೆಯಬೇಡಿ.