ತಂದೆಯವರ ಫೋನಿನಿಂದ ಬ್ಯಾಂಕಿನ ಆ್ಯಪ್ ತೆಗೆದುಹಾಕಿದರೆ ‘ಡಿಜಿಟಲ್ ಅರೆಸ್ಟ್’ ವಂಚನೆ ತಪ್ಪುತ್ತದೆಯೇ?

ಮೈಸೂರಿನಲ್ಲಿ ಒಬ್ಬರೇ ಇರುವ ನಿಮ್ಮ ತಂದೆಯವರಿಗೆ ‘ಮುಂಬೈ ಪೊಲೀಸ್’ ಹೆಸರಿನಲ್ಲಿ ವಿಡಿಯೊ ಕರೆ ಬಂದು, ಅರ್ಧ ದಿನ ಅವರನ್ನು ಕೋಣೆಯಿಂದ ಏಳಲು ಬಿಡಲಿಲ್ಲವೆಂದೂ, ಪಕ್ಕದ ಮನೆಯವರು ಬಾಗಿಲು ತಟ್ಟಿದ್ದರಿಂದ ಹಣ ಉಳಿಯಿತೆಂದೂ, ಅಷ್ಟರಲ್ಲಿ ಅವರು ಆಧಾರ್ ಸಂಖ್ಯೆಯನ್ನು ಹೇಳಿಬಿಟ್ಟಿದ್ದರೆಂದೂ ಬರೆದಿದ್ದೀರಿ. ಪುಣೆಯಲ್ಲಿರುವ ನೀವು ಈಗ ಅವರ ಫೋನಿನಿಂದ ಬ್ಯಾಂಕಿನ ಆ್ಯಪ್ ತೆಗೆದುಹಾಕಬೇಕೇ ಎಂದು ಕೇಳಿದ್ದೀರಿ. ತೆಗೆಯಬಹುದು, ಆದರೆ ಈ ಬಗೆಯ ವಂಚನೆ ಅದರಿಂದ ನಿಲ್ಲುವುದಿಲ್ಲ. ಒಟಿಪಿ ಕದಿಯುವವರು, ಸಂಚಾರ ದಂಡದ ಚಲನ್ ಎಂದೋ ಮದುವೆಯ ಕರೆಯೋಲೆ ಎಂದೋ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲು (ಒತ್ತಿದರೆ ಫೋನಿನಲ್ಲಿ ಆ್ಯಪ್ ಅಳವಡಿಸುವ ಫೈಲು) ಕಳುಹಿಸುವವರು ಖಾತೆಯ ಒಡೆಯನಿಗೆ ತಿಳಿಯದಂತೆ ಹಣ ತೆಗೆಯುತ್ತಾರೆ. ‘ಡಿಜಿಟಲ್ ಅರೆಸ್ಟ್’ ಮಾಡುವವರಾದರೋ, ಅಂದರೆ ವಿಡಿಯೊ ಕರೆಯಲ್ಲೇ ನಿಮ್ಮನ್ನು ಬಂಧಿಸಿದ್ದೇವೆಂದು ಹೆದರಿಸುವವರು, ಒಡೆಯನ ಕೈಯಿಂದಲೇ ಹಣ ಕಳುಹಿಸಿಕೊಳ್ಳುತ್ತಾರೆ, ಮತ್ತು ದೊಡ್ಡ ಮೊತ್ತವಾದರೆ ಎಷ್ಟೋ ಸಲ ಅವರನ್ನು ಬ್ಯಾಂಕಿನ ಶಾಖೆಗೇ ಅಟ್ಟುತ್ತಾರೆ.

ನಾನು ನಿವೃತ್ತನಾಗುವವರೆಗೂ ಬ್ಯಾಂಕಿನ ಶಾಖೆಗಳಲ್ಲಿ ಕೆಲಸ ಮಾಡಿದವನು. ಒಂದು ಬೆಳಿಗ್ಗೆ ನಮ್ಮ ಹಳೆಯ ಗ್ರಾಹಕರೊಬ್ಬರು ಠೇವಣಿ ರಸೀದಿಗಳನ್ನೆಲ್ಲ ಹಿಡಿದು ಬಂದು, ಅವಧಿಗೆ ಮುನ್ನವೇ ಮುರಿಸಿ ಆರ್‌ಟಿಜಿಎಸ್ (ದೊಡ್ಡ ಮೊತ್ತವನ್ನು ಬೇರೆ ಬ್ಯಾಂಕಿನ ಖಾತೆಗೆ ಕಳುಹಿಸುವ ವಿಧಾನ) ಮಾಡಬೇಕೆಂದರು. ಅರ್ಜಿಯಲ್ಲಿ ಹಣ ಪಡೆಯುವವರ ಹೆಸರಿನ ಜಾಗದಲ್ಲಿ ಯಾವುದೋ ಟ್ರೇಡಿಂಗ್ ಕಂಪನಿಯ ಹೆಸರಿತ್ತು. ಐಎಫ್‌ಎಸ್‌ಸಿ ಸಂಕೇತ ಹೊರ ರಾಜ್ಯದ ಶಾಖೆಯದಾಗಿತ್ತು. ಏತಕ್ಕೆಂದು ಕೇಳಿದರೆ ಸೈಟು ಕೊಳ್ಳುತ್ತಿದ್ದೇನೆ ಎಂದರು. ಯಾವ ಬಡಾವಣೆಯಲ್ಲಿ ಎಂದು ಕೇಳಿದರೆ ಉತ್ತರವಿಲ್ಲ. ಅವರ ಅಂಗಿಯ ಜೇಬಿನಲ್ಲಿದ್ದ ಫೋನಿನ ಪರದೆ ಉರಿಯುತ್ತಲೇ ಇತ್ತು, ಅಂದರೆ ಕರೆ ನಿಂತಿರಲಿಲ್ಲ. ಬಾಯಿಂದ ಏನೂ ಕೇಳದೆ, ‘ಯಾರಾದರೂ ಹೆದರಿಸುತ್ತಿದ್ದಾರೆಯೇ?’ ಎಂದು ಒಂದು ಚೀಟಿಯಲ್ಲಿ ಬರೆದು ಅವರ ಮುಂದಿಟ್ಟೆ. ಅವರು ಅದನ್ನು ಓದಿ, ಪೆನ್ನು ಕೆಳಗಿಟ್ಟು, ಅಳತೊಡಗಿದರು. ಜೀವನವಿಡೀ ಲೆಕ್ಕಪತ್ರ ನೋಡಿದ್ದ ಮನುಷ್ಯ ಅವರು. ವಂಚನೆಗೊಳಗಾದವರನ್ನು ದಡ್ಡರೆಂದು ಯಾರಾದರೂ ಕರೆದರೆ ನನಗೆ ಸಹಿಸಲಾಗುವುದಿಲ್ಲ.

ಈ ವಂಚಕರ ನಿಜವಾದ ಆಯುಧ ಭಯ, ಮತ್ತು ಭಯಕ್ಕಿಂತ ಹೆಚ್ಚಾಗಿ, ಯಾರಿಗೂ ಹೇಳಬಾರದೆಂಬ ಕಟ್ಟಪ್ಪಣೆ. ಮೊದಲು ನಿಮ್ಮ ಸಿಮ್ ಎರಡು ಗಂಟೆಯಲ್ಲಿ ರದ್ದಾಗುತ್ತದೆ ಎಂಬ ಕರೆ, ಅಥವಾ ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂಬ ಸುದ್ದಿ. ಬಳಿಕ ಸಮವಸ್ತ್ರ ತೊಟ್ಟವನೊಬ್ಬನ ವಿಡಿಯೊ ಕರೆ, ಅವನ ಬೆನ್ನ ಹಿಂದೆ ಲಾಂಛನ, ನ್ಯಾಯಾಲಯದ ಮೊಹರಿರುವ ನಕಲಿ ಪತ್ರ. ಕೊನೆಗೆ, ನಿಮ್ಮ ಹಣವನ್ನೆಲ್ಲ ಪರಿಶೀಲನೆಗಾಗಿ ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ತಪ್ಪಿಲ್ಲವೆಂದಾದರೆ ಮರಳಿಸುತ್ತೇವೆ ಎಂಬ ಭರವಸೆ. ಈ ನಡುವೆ ಕ್ಯಾಮೆರಾ ಆರಿಸುವಂತಿಲ್ಲ, ಮಕ್ಕಳಿಗೆ ಹೇಳಿದರೆ ಅವರನ್ನೂ ಬಂಧಿಸುತ್ತೇವೆ ಎಂಬ ಬೆದರಿಕೆ ಬೇರೆ. ಸ್ವಂತ ಜೀವಕ್ಕೆ ಹೆದರದವರೂ ಈ ಕೊನೆಯ ಮಾತಿಗೆ ಹೆದರುತ್ತಾರೆ. ನವೆಂಬರ್ 2025ರಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಇದೇ ಬಗೆಯಲ್ಲಿ ತಿಂಗಳುಗಟ್ಟಲೆ ಸಿಲುಕಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ ಪತ್ರಿಕೆಗಳಲ್ಲಿ ವರದಿಯಾಯಿತು. ಅಷ್ಟು ಕಾಲ ಒಬ್ಬರನ್ನು ಬೇರೆಯವರಿಂದ ದೂರವಿಡಲು ಸಾಧ್ಯವಾಯಿತಲ್ಲ ಎಂಬುದೇ ನನ್ನನ್ನು ಕಾಡುತ್ತದೆ.

ಆದ್ದರಿಂದ ತಂದೆಯವರೊಂದಿಗೆ ಕುಳಿತು ಮಾತನಾಡುವಾಗ ತಂತ್ರಜ್ಞಾನದ ಪಾಠಕ್ಕಿಂತ ಮೊದಲು ಕಾನೂನಿನ ನಾಲ್ಕು ಮಾತನ್ನು ತಿಳಿಸಿ. ಅವರ ತಲೆಮಾರಿನವರಿಗೆ ಅದರಿಂದ ಧೈರ್ಯ ಬರುತ್ತದೆ. ನಮ್ಮ ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. ಬಂಧನ ಎಂದರೆ ಪೊಲೀಸರು ಎದುರಿಗೆ ಬಂದು ವ್ಯಕ್ತಿಯನ್ನು ವಶಕ್ಕೆ ತೆಗೆದುಕೊಳ್ಳುವುದು, ಮತ್ತು ಹಾಗೆ ಬಂಧಿಸಿದವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ವಿಚಾರಣೆಗೆ ಹಾಜರಾಗುವಂತೆ ಪೊಲೀಸರು ಕೊಡುವ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಜನವರಿ 2025ರಲ್ಲಿ ಸ್ಪಷ್ಟಪಡಿಸಿದೆ. ರಿಸರ್ವ್ ಬ್ಯಾಂಕಿನಲ್ಲಿ ಜನಸಾಮಾನ್ಯರ ಹಣ ಇಡುವ ಖಾತೆಗಳೇ ಇಲ್ಲ. ಅಕ್ಟೋಬರ್ 2024ರ ‘ಮನ್ ಕೀ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಿಯವರು ಇಂಥ ವಂಚನೆಯ ಕರೆಯೊಂದರ ದೃಶ್ಯವನ್ನು ತೋರಿಸಿದ್ದರು. ಅದನ್ನು ಚಿತ್ರೀಕರಿಸಿದವರು ನಮ್ಮ ವಿಜಯಪುರದವರು. ಅದನ್ನು ನಿಮ್ಮ ತಂದೆಯವರಿಗೆ ಒಮ್ಮೆ ತೋರಿಸಿ. ತಾವು ಅನುಭವಿಸಿದ್ದೇ ಬೇರೊಬ್ಬರಿಗೂ ಆಗಿದೆಯೆಂದು ಕಂಡರೆ ಅವರ ನಾಚಿಕೆ ಅರ್ಧ ಕಡಿಮೆಯಾದೀತು.

ಇನ್ನು ಬ್ಯಾಂಕಿನ ವಿಷಯ. ಆ್ಯಪ್ ತೆಗೆಯುವುದಕ್ಕಿಂತ ಉಪಯುಕ್ತವಾದದ್ದು ಠೇವಣಿಗಳಿಗೆ ನಿಮ್ಮ ಹೆಸರನ್ನೂ ಸೇರಿಸಿ ಜಂಟಿ ಮಾಡುವುದು. ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಷರತ್ತಿನ ಠೇವಣಿಯಾದರೂ, ಅವಧಿ ಮುಗಿದ ಮೇಲೆ ಒಬ್ಬರ ಸಹಿ ಸಾಕಾಗುವುದೇ ಹೊರತು, ಅವಧಿಗೆ ಮುನ್ನ ಮುರಿಸಲು ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಪುಣೆಯಿಂದ ನಿಮ್ಮ ಸಹಿ ಬರಬೇಕಾದರೆ ನಿಮಗೆ ವಿಷಯ ತಿಳಿಯಲೇಬೇಕು. ವಂಚಕರ ಗುಟ್ಟು ಅಲ್ಲಿಗೆ ಒಡೆಯುತ್ತದೆ. ಇದನ್ನು ತಂದೆಯವರ ಒಪ್ಪಿಗೆಯಿಂದಲೇ ಮಾಡಿ. ದುಡಿದ ಹಣದ ಮೇಲಿನ ಅಧಿಕಾರವನ್ನು ಮಗ ಕಿತ್ತುಕೊಂಡ ಎಂದು ಅವರಿಗೆ ಅನ್ನಿಸಿದರೆ, ಮುಂದಿನ ಕರೆ ಬಂದಾಗ ಅವರು ನಿಮಗೆ ಹೇಳುವುದೇ ಇಲ್ಲ. ಮನೆಖರ್ಚಿನ ಉಳಿತಾಯ ಖಾತೆ ಅವರದೇ ಇರಲಿ, ಅದರಲ್ಲಿ ಮೊತ್ತವೂ ಯುಪಿಐ ಮಿತಿಯೂ ಕಡಿಮೆ ಇರಲಿ. ಶಾಖೆಯ ಮ್ಯಾನೇಜರರನ್ನು ಒಮ್ಮೆ ಕಂಡು ನಿಮ್ಮ ನಂಬರು ಕೊಟ್ಟುಬನ್ನಿ.

ಎಂದಾದರೂ ಹಣ ಹೋದರೆ ಮೊದಲು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು; ಬಂಧುಗಳಿಗೆ ಹೇಳುವುದು, ಠಾಣೆಗೆ ಹೋಗುವುದು ಅದಾದ ಮೇಲೆ. ಕಳುಹಿಸಿದ ಹಣ ಬಾಡಿಗೆ ಖಾತೆಗಳ ಮೂಲಕ ನಿಮಿಷಗಳಲ್ಲಿ ಹಲವು ಕಡೆ ಹಂಚಿಹೋಗುತ್ತದೆ, ಹಾಗಾಗಿ ಖಾತೆ ಸಂಖ್ಯೆ, ಮೊತ್ತ, ಸಮಯ ಮತ್ತು ಯುಟಿಆರ್ ಸಂಖ್ಯೆಯನ್ನು (ಆ ವರ್ಗಾವಣೆಯ ಗುರುತಿನ ಸಂಖ್ಯೆ) ಕೈಯಲ್ಲಿಟ್ಟುಕೊಂಡೇ ಕರೆ ಮಾಡಿದರೆ, ಇನ್ನೂ ಹೊರಹೋಗದ ಹಣವನ್ನು ಆಯಾ ಬ್ಯಾಂಕಿನಲ್ಲಿ ತಡೆಹಿಡಿಸುವ ಅವಕಾಶ ಹೆಚ್ಚು. ನಂತರ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಹಲವರು ನೆಚ್ಚಿಕೊಂಡಿರುತ್ತಾರೆ. ಆದರೆ ಅದು ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ, ಅನಧಿಕೃತವಾಗಿ ನಡೆದ ವಹಿವಾಟಿಗೆ ಸಂಬಂಧಿಸಿದ್ದು. ಬೆದರಿಕೆಗೆ ಮಣಿದು ಸ್ವತಃ ಸಹಿ ಮಾಡಿ ಕಳುಹಿಸಿದ ಹಣಕ್ಕೆ ಅದರ ರಕ್ಷಣೆ ಸಿಗುತ್ತದೆಂದು ನಂಬಿ ಕೂರಬೇಡಿ.

ಆಧಾರ್ ಸಂಖ್ಯೆ ಹೇಳಿದ್ದಕ್ಕೆ ಅಷ್ಟು ಗಾಬರಿ ಬೇಡ, ಬರಿಯ ಸಂಖ್ಯೆಯಿಂದ ಯಾರೂ ಹಣ ತೆಗೆಯಲಾರರು. ಆದರೂ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಸಿ, ಅವರ ಹೆಸರಿನಲ್ಲಿ ಬೇರೆ ಸಿಮ್‌ಗಳಿವೆಯೇ ಎಂದು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ನೋಡಿ. ಅದೇ ತಾಣದ ‘ಚಕ್ಷು’ ವಿಭಾಗದಲ್ಲಿ ಆ ಕರೆಯ ನಂಬರನ್ನೂ ವರದಿ ಮಾಡಬಹುದು. ಹಣ ಹೋಗದಿದ್ದರೂ ದೂರು ಕೊಡುವುದು ವ್ಯರ್ಥವಲ್ಲ, ಅದೇ ನಂಬರಿನಿಂದ ಇನ್ನೊಬ್ಬ ಹಿರಿಯರಿಗೆ ಕರೆ ಹೋಗುತ್ತಿರಬಹುದು. ಒಮ್ಮೆ ಕರೆ ಎತ್ತಿದವರ ನಂಬರು ವಂಚಕರ ಕೈಯಲ್ಲಿರುತ್ತದೆಯಾದ್ದರಿಂದ, ಮುಂದಿನ ವಾರಗಳಲ್ಲಿ ಪ್ರಕರಣ ಮುಚ್ಚಿಸಿಕೊಡುತ್ತೇನೆ ಎಂಬ ವಕೀಲನ ಹೆಸರಿನಲ್ಲೋ ಸೈಬರ್ ಅಧಿಕಾರಿಯ ಹೆಸರಿನಲ್ಲೋ ಮತ್ತೊಂದು ಕರೆ ಬರುವ ಸಂಭವವಿದೆ. ಅಂಥ ಕರೆ ಬಂದರೆ ಒಂದು ಮಾತೂ ಆಡದೆ ಫೋನ್ ಇಟ್ಟು, ತಕ್ಷಣ ನಿಮಗೆ ತಿಳಿಸುವಂತೆ ತಂದೆಯವರಿಗೆ ಇಂದೇ ಹೇಳಿ.