ಪೆಡಲ್ ಮೆತ್ತಗಾದರೆ ಪ್ಯಾಡ್ ಬೈಯಬೇಡಿ

ಪ್ರಶ್ನೆ: ನನ್ನದು ಪೋಲೊ ಜಿಟಿ ಟಿಎಸ್‌ಐ ಕಾರು. ಹೋದ ತಿಂಗಳು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಮೊದಲ ಸಲ ಹೋಗಿದ್ದೆ. ಐದನೇ ಲ್ಯಾಪ್‌ನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗೆ ಹೋಗಿಬಿಟ್ಟಿತು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಸಿಕ್ಕಿತು, ಹೇಗೋ ಪಿಟ್‌ಗೆ ಬಂದೆ. ರೇಸ್ ಪ್ಯಾಡ್, ತೂತಿನ ಡಿಸ್ಕ್ ಎರಡೂ ಹಾಕಿಸಿ ಅಂತಾರೆ ಗ್ಯಾರೇಜಿನವರು. ಹಾಕಿಸಲಾ?
– ಓದುಗರು, ಬೆಂಗಳೂರು

ಉತ್ತರ: ಸ್ವಲ್ಪ ತಡೆಯಿರಿ. ಪಂಪ್ ಮಾಡಿದಾಗ ಪೆಡಲ್ ಸಿಕ್ಕಿತು ಅಂದಿರಲ್ಲ, ಉತ್ತರ ಅಲ್ಲೇ ಇದೆ. ಕೈ ಕೊಟ್ಟಿದ್ದು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಅಲ್ಲ, ಬ್ರೇಕ್ ಆಯಿಲ್. ಅದು ಕುದಿದು ಪೈಪಿನೊಳಗೆ ಆವಿಯ ಗುಳ್ಳೆ ಬಂದಿದೆ, ನೀವು ಒತ್ತಿದ್ದು ಗುಳ್ಳೆಯನ್ನು. ಪ್ಯಾಡ್ ಸೋತಿದ್ದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ.

ಕಾವು ಎಷ್ಟು ಅಂತ ಸುಮ್ನೆ ಲೆಕ್ಕ ಹಾಕೋಣ. ನಿಮ್ಮ 1,100 ಕೆಜಿ ಗಾಡಿಯನ್ನು ಗಂಟೆಗೆ 160 ಕಿ.ಮೀ.ಯಿಂದ 60ಕ್ಕೆ ಇಳಿಸಿದಿರಿ ಅನ್ನಿ. ಆ ಕೆಲಸದ ಮುಕ್ಕಾಲು ಪಾಲು ಹೊರುವುದು ಮುಂದಿನ ಎರಡು ಡಿಸ್ಕ್. ಒಂದೊಂದು 6 ಕೆಜಿ ಇದ್ದರೂ ಒಂದೇ ಬ್ರೇಕಿಗೆ ನೂರು ಡಿಗ್ರಿಗಿಂತ ಜಾಸ್ತಿ ಬಿಸಿ ಏರುತ್ತೆ, ಅದು ಆರುವ ಮುಂಚೆ ಮುಂದಿನ ತಿರುವು ಬಂದಿರುತ್ತೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು ಅಂತ ನಿಯಮ. ಆದರೆ ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ, ತೇವ ಕುಡಿದ ಆಯಿಲ್‌ಗೆ ನಿಯಮ ಕೇಳುವುದು ಬರೀ 155. ನಿಮ್ಮ ಗಾಡಿಯಲ್ಲಿ ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯ್ತು? ಬರೆದಿಲ್ಲ ನೀವು, ನನಗೆ ಅನುಮಾನ ಇದೆ.

ಮೊದಲು 300 ಡಿಗ್ರಿ ದಾಟಿದ ಮೇಲೆ ಕುದಿಯುವ ರೇಸಿಂಗ್ ಆಯಿಲ್ ಹಾಕಿಸಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಏರ್ ತೆಗೆಸಿ. ಪ್ಯಾಡ್ ಅರ್ಧ ಸವೆದಿದ್ದರೆ ಟ್ರ್ಯಾಕ್‌ಗೆ ಹೋಗುವ ಮುಂಚೆ ಬದಲಾಯಿಸಿ. ಬಿಸಿ ಪಾತ್ರೆಯನ್ನು ದಪ್ಪ ಮಸಿಬಟ್ಟೆಯಲ್ಲಿ ಹಿಡಿಯೋದಕ್ಕೂ ಕರ್ಚೀಫಿನಲ್ಲಿ ಹಿಡಿಯೋದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ, ತೆಳು ಪ್ಯಾಡ್ ಕಾವನ್ನೆಲ್ಲ ನೇರ ತನ್ನನ್ನು ಒತ್ತುವ ಬ್ರೇಕ್ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ದಾಟಿಸುತ್ತೆ.

ಪ್ಯಾಡ್ ತಗೊಳ್ಳೋದಾದರೆ ಫೆರೋಡೊ ಡಿಎಸ್2500 ತರಹದ ನಡುವಿನ ದರ್ಜೆಯದು ಸಾಕು. ಅಪ್ಪಟ ರೇಸ್ ಪ್ಯಾಡ್ ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯಲ್ಲ. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿಗೇ ಎದೆ ಝಲ್ಲನ್ನುತ್ತೆ, ಜೊತೆಗೆ ಬೀದಿಯವರೆಲ್ಲ ತಿರುಗಿ ನೋಡುವಷ್ಟು ಕಿರುಚಾಟ. ತೂತಿನ ಡಿಸ್ಕ್ ನೋಡೋಕೆ ಚೆಂದ, ಆದರೆ ಟ್ರ್ಯಾಕ್ ಕಾವಿಗೆ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತೆ. ಆ ದುಡ್ಡಲ್ಲಿ ಇನ್ನೊಂದು ಟ್ರ್ಯಾಕ್ ದಿನ ಓಡಿಸಿ.

ಹೊಸ ಪ್ಯಾಡನ್ನು ಪಳಗಿಸದೆ ಟ್ರ್ಯಾಕ್‌ಗೆ ಇಳಿಸಬೇಡಿ. ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಆರಲು ಬಿಡಿ. ನಾನು ಒಮ್ಮೆ ಕೊಯಮತ್ತೂರಿನ ಕರಿ ಟ್ರ್ಯಾಕ್‌ನಲ್ಲಿ ಸೋಮಾರಿತನ ಮಾಡಿ ಹಾಗೇ ಇಳಿದಿದ್ದೆ. ಎರಡನೇ ಲ್ಯಾಪಿಗೆ ಹೊಸ ಪ್ಯಾಡಿನ ಅಂಟು ಸುಟ್ಟು ಹೊಗೆ ಬಂತು, ಗಾಡಿ ಜಾರಿಕೊಂಡು ಮಣ್ಣಿಗೆ ಹೋಯ್ತು. ಬೈಯಲು ಬೇರೆ ಯಾರೂ ಇರಲಿಲ್ಲ.

ಪ್ರಶ್ನೆ: ಟ್ರ್ಯಾಕ್‌ನಿಂದ ಬಂದ ಮೇಲೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತೆ. ಡಿಸ್ಕ್ ಬೆಂಡ್ ಆಗಿದೆಯಾ?
– ಓದುಗರು, ಮೈಸೂರು

ಉತ್ತರ: ಬಹಳ ಸಲ ಅದು ಬೆಂಡ್ ಅಲ್ಲ, ಕಲೆ. ಓಡಿಸಿ ಬಂದು ಪಿಟ್‌ನಲ್ಲಿ ಬ್ರೇಕ್ ಒತ್ತಿಕೊಂಡೇ ನಿಂತಿದ್ದಿರಿ ಅಲ್ವಾ? ಬಿಸಿ ಪ್ಯಾಡ್ ಒಂದೇ ಕಡೆ ಅಂಟಿ ಪದರ ಬಿಟ್ಟಿರುತ್ತೆ. ಚಕ್ರ ಬಿಚ್ಚಿಸಿ ನೋಡಿ, ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ ಕಪ್ಪು ಗುರುತು ಕಾಣಬಹುದು. ಮತ್ತೆ ಪಳಗಿಸಿದರೆ ಕೆಲವು ಸಲ ಹೋಗುತ್ತೆ, ಹೋಗದಿದ್ದರೆ ಡಿಸ್ಕ್ ಲೇತ್‌ಗೆ ಕೊಡಬೇಕು. ಇನ್ನು ಮೇಲೆ ಕೊನೆಯ ಲ್ಯಾಪ್ ನಿಧಾನಕ್ಕೆ ಬನ್ನಿ, ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಪ್ರಶ್ನೆ: ಡಾಟ್ 4ಕ್ಕಿಂತ ಡಾಟ್ 5 ಒಳ್ಳೆಯದಲ್ವಾ?
– ಓದುಗರು, ಹುಬ್ಬಳ್ಳಿ

ಉತ್ತರ: ಅಲ್ಲ. ಡಾಟ್ 5 ಸಿಲಿಕೋನ್, ನಿಮ್ಮ ಗಾಡಿಯಲ್ಲಿರುವ ಆಯಿಲ್ ಜೊತೆ ಬೆರೆಯಲ್ಲ. ನೀವು ಕೇಳಬೇಕಿರುವುದು 5.1. ಡಬ್ಬಿ ಮೇಲಿನ ಆ ಒಂದು ಚುಕ್ಕಿ ನೋಡಿಯೇ ದುಡ್ಡು ಕೊಡಿ.